ವಿಜೇತಾಳನ್ನು ಅಂಗಳದಲ್ಲಿ ನಿಲ್ಲಿಸಿದ ದಿನ

ತೋಡಾರಿನ ಪ್ರೇಮಾವತಿ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿ ಮೀಯಿಸುತ್ತಿದ್ದಾಗ ಬೆಳಗಿನ ಬಿಸಿಲು ಮಗುವಿನ ಮುಖಕ್ಕೆ ಬಿತ್ತು. ಕಣ್ಣಿನ ಕಪ್ಪು ಬೊಟ್ಟು ಕಪ್ಪಗಿರಲಿಲ್ಲ. ಒಳಗೆ ತೆಂಗಿನಹಾಲು ತುಂಬಿದಂತೆ ಬೆಳ್ಳಗಿತ್ತು. ಇನ್ನೊಂದು ಕಣ್ಣೂ ಹಾಗೆಯೇ. ಹಿಂದಿನ ದಿನ ತಾನೇ ಹಚ್ಚಿದ ಕಾಡಿಗೆ ನೆನಪಾಗಿ ಅವರು ಸೆರಗಿನ ತುದಿಯಿಂದ ಮಗುವಿನ ಕಣ್ಣಂಚು ಒರೆಸಿದರು.

ಮಂಗಳೂರಿನ ಕಣ್ಣಿನ ಡಾಕ್ಟರು ಮೊದಲು ಸಮಾಧಾನ ಮಾಡಿದ್ದು ಅವರನ್ನೇ. "ಕಾಡಿಗೆ ಹಚ್ಚಬೇಡಿ. ಆದರೆ ಇದು ಅದರಿಂದ ಬಂದದ್ದಲ್ಲ, ಹುಟ್ಟುವಾಗಲೇ ಬಂದ ಪೊರೆ." ಆಮೇಲೆ ಮಗಳು ಜ್ಯೋತ್ಸ್ನಾಳ ಕಡೆ ತಿರುಗಿ, "ಬಸುರಿನ ಸುರುವಿಗೆ ಜ್ವರ, ಮೈಯಲ್ಲಿ ಕೆಂಪು ಗುಳ್ಳೆ ಬಂದದ್ದುಂಟಾ?" ಎಂದು ಕೇಳಿದರು.

ಬಂದಿತ್ತು. ಲಾಯಿಲದ ಗಂಡನ ಮನೆಯಲ್ಲಿ ಎರಡು ದಿನ ಮಲಗಿದ್ದಳು. ಉಷ್ಣವೆಂದುಕೊಂಡು ಎಳನೀರು ಕುಡಿದು ಸುಮ್ಮನಾಗಿದ್ದಳು. ಪರೀಕ್ಷೆಯಲ್ಲಿ ಅದು ರುಬೆಲ್ಲಾ, ಬಸುರಿನಲ್ಲೇ ತಾಯಿಯಿಂದ ಮಗುವಿಗೆ ತಗಲುವ ವೈರಸ್ ಎಂದು ಗೊತ್ತಾದ ದಿನದಿಂದ ಅವಳ ಮಾತೇ ಕಡಿಮೆಯಾಯಿತು.

ಮಗುವಿನ ಹೃದಯಕ್ಕೆ ತೊಂದರೆಯಿರಲಿಲ್ಲ. ಕಿವಿಯನ್ನು ಆಗಾಗ ತೋರಿಸುತ್ತಿರಬೇಕಿತ್ತು. ಒಂದಾದ ಮೇಲೊಂದು ಕಣ್ಣಿನ ಆಪರೇಷನ್ ಆಗಿ, ಎಲಾಸ್ಟಿಕ್ ಪಟ್ಟಿಯ ದಪ್ಪ ಕನ್ನಡಕವೂ ಬಂತು. ಮನೆಗೆ ಕಳಿಸುವಾಗ ಡಾಕ್ಟರು ಮತ್ತೊಮ್ಮೆ ಎಚ್ಚರಿಸಿದರು: "ವೈರಸ್ ಮಗುವಿನ ಮೈಯಲ್ಲಿ ಇನ್ನೂ ಕೆಲವು ತಿಂಗಳು ಇರಬಹುದು. ಬಸುರಿಯರು ಹತ್ತಿರ ಬರುವುದು ಬೇಡ."

ಮರುವಾರ ಬಂಟ್ವಾಳದಿಂದ ಕಿರಿಮಗಳು ವಿಜೇತಾ ಹೇಳದೆ ಕೇಳದೆ ಬಂದಳು. ಕೈಯಲ್ಲಿ ಮಗುವಿನ ಅಂಗಿಗಳ ಚೀಲ, ಮುಖದಲ್ಲಿ ತಡೆಯಲಾಗದ ನಗು.

"ಅಮ್ಮ, ನಿಮಗೆ ಇನ್ನೊಂದು ಮೊಮ್ಮಗು ಬರ್ಲಿಕ್ಕುಂಟು."

ಪ್ರೇಮಾವತಿ ಮೆಟ್ಟಿಲಿಳಿದು ಹೋಗಿ ಅವಳನ್ನು ತಬ್ಬಿಕೊಳ್ಳಬೇಕಿತ್ತು. ಅದರ ಬದಲು ಬಾಗಿಲಿಗೆ ಅಡ್ಡ ನಿಂತರು. "ಅಲ್ಲೇ ನಿಲ್ಲು ಮಗಾ. ಒಳಗೆ ಬರ್ಬೇಡ."

ಒಳಗಿದ್ದ ಜ್ಯೋತ್ಸ್ನಾ ಅದನ್ನು ಕೇಳಿಸಿಕೊಂಡು ಮಗುವನ್ನೆತ್ತಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಹೆತ್ತ ಮಕ್ಕಳಲ್ಲಿ ಒಬ್ಬಳು ಒಳಗೆ, ಒಬ್ಬಳು ಹೊರಗೆ; ಯಾರ ಬಳಿಗೆ ಹೋಗುವುದು? ಪ್ರೇಮಾವತಿ ಹೊಸ್ತಿಲಲ್ಲೇ ಕುಸಿದು ಕೂತು, ಇದ್ದದ್ದನ್ನೆಲ್ಲ ವಿಜೇತಾಳಿಗೆ ಹೇಳಿದರು.

"ನನಗೆ ಶಾಲೆಯಲ್ಲಿ ಅದರ ಇಂಜೆಕ್ಷನ್ ಕೊಟ್ಟಿದ್ದಾರಲ್ಲ" ಎಂದಳು ವಿಜೇತಾ. "ಅಕ್ಕ ಆಗ ಕಾಲೇಜಿನಲ್ಲಿದ್ದಳು, ಅವಳಿಗೆ ಸಿಗಲಿಲ್ಲ."

"ಆದ್ರೂ ರಕ್ತ ಪರೀಕ್ಷೆ ಆಗ್ಲಿ. ಡಾಕ್ಟ್ರು ಹೇಳ್ಲಿ."

ವಿಜೇತಾ ಸಿಟ್ಟಾಗಲಿಲ್ಲ. ಗೇರುಮರದ ನೆರಳಿಗೆ ಕುರ್ಚಿ ಎಳೆದುಕೊಂಡು ಅಲ್ಲೇ ಊಟ ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಕೋಣೆಯ ಕಿಟಕಿಯತ್ತ ತಿರುಗಿ, "ಅಕ್ಕ, ನನಗೆ ಬೆಳಿಗ್ಗೆ ಚಾ ವಾಸನೆ ಬಂದ್ರೆ ಸಾಕು, ವಾಕರಿಕೆ. ನಿನಗೂ ಹಾಗೇ ಇತ್ತಾ?" ಎಂದು ಕೇಳಿದಳು.

ಅವಳು ಮತ್ತೆ ಕೇಳಿದಳು. ಕೊನೆಗೆ ಕಿಟಕಿಯ ಗಾಜಿನ ಬಾಗಿಲು ಒಂದಿಷ್ಟು ತೆರೆಯಿತು.

"ನನಗೆ ಒಗ್ಗರಣೆ ವಾಸನೆ" ಎಂದಳು ಜ್ಯೋತ್ಸ್ನಾ. ಕಿಟಕಿಯ ಸರಳು ಹಿಡಿದುಕೊಂಡು, "ನಾನು ಆಗ್ಲೇ ಡಾಕ್ಟ್ರಿಗೆ ತೋರಿಸ್ಬೇಕಿತ್ತು ವಿಜೀ."

"ತೋರಿಸಿದ್ರೂ ಅದಕ್ಕೆ ಮದ್ದಿಲ್ಲ ಅಂತ ಡಾಕ್ಟ್ರೇ ಹೇಳಿದ್ದಾರಂತಲ್ಲ. ನೀನು ಬೇಕಂತ ಮಾಡಿದ್ದಾ?"

ಜ್ಯೋತ್ಸ್ನಾ ಬಿಕ್ಕಿಬಿಕ್ಕಿ ಅತ್ತಳು. ಇಷ್ಟು ದಿನ ಅಮ್ಮನೆದುರು ಅಳದವಳು, ತಂಗಿಯೆದುರು ಅತ್ತಳು. ಪ್ರೇಮಾವತಿ ಕೋಣೆಯ ಬಾಗಿಲು ದೂಡಿ ಹಿಂದಿನಿಂದ ಬಂದು ಅವಳ ಬೆನ್ನು ಸವರುತ್ತ ನಿಂತರು.

ವಿಜೇತಾಳ ರಕ್ತದಲ್ಲಿ ಮೊದಲೇ ಬೇಕಾದಷ್ಟು ರಕ್ಷಣೆ ಇರುವುದು ಪರೀಕ್ಷೆಯಲ್ಲಿ ತಿಳಿಯಿತು. ಡಾಕ್ಟರು ಹೋಗಬಹುದೆಂದ ಮೇಲೆ ಅವಳು ಮತ್ತೆ ತೋಡಾರಿಗೆ ಬಂದಳು. ಈ ಸಲ ಬಾಗಿಲಲ್ಲೇ ಪ್ರೇಮಾವತಿ ಅವಳನ್ನು ತಬ್ಬಿಕೊಂಡರು.

ಮಗುವನ್ನು ಮಡಿಲಿಗೆ ತೆಗೆದುಕೊಂಡಾಗ ಅದು ಕನ್ನಡಕದ ಹಿಂದಿನಿಂದ ಚಿಕ್ಕಮ್ಮನ ಮುಖವನ್ನೇ ನೋಡಿತು. ವಿಜೇತಾ ತಲೆ ವಾಲಿಸಿದತ್ತ ಆ ಕಣ್ಣುಗಳೂ ನಿಧಾನ ಹೊರಳಿದವು.

"ನೋಡ್ತಾನೆ" ಎಂದಳು ಅವಳು, ಸ್ವರ ತಗ್ಗಿಸಿ.

"ನಿನ್ನೆಯಿಂದ ನೋಡ್ತಾ ಇದ್ದಾನೆ" ಎಂದ ಜ್ಯೋತ್ಸ್ನಾ ಮದ್ದಿನ ಬಾಟಲಿಯ ಮುಚ್ಚಳ ತೆಗೆದಳು. "ತಲೆ ಗಟ್ಟಿ ಹಿಡ್ಕೋ. ಕಣ್ಣಿಗೆ ಹನಿ ಹಾಕ್ಲಿಕ್ಕುಂಟು."