ತಂಗಿಯ ಮೊಣಕೈ ತೇಪೆ

ಹಿತ್ತಲಲ್ಲಿ ಹೊಗೆ ಎದ್ದರೆ ಬೀದಿಗೆಲ್ಲ ಗೊತ್ತು, ಅವತ್ತು ಶನಿವಾರ. ಟೈಲರ್ ಅಕ್ಕ ವಾರವಿಡೀ ಉಳಿದ ಬಟ್ಟೆ ಚೂರು, ಪ್ಲಾಸ್ಟಿಕ್ ಕವರುಗಳನ್ನು ಗುಡ್ಡೆ ಹಾಕಿ ಬೆಂಕಿ ಇಡುತ್ತಾಳೆ. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಒಳಗೆ ಅವಳ ಅಮ್ಮ ಕೆಮ್ಮುತ್ತಾಳೆ. ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಹೊಗೆ ಇಲ್ಲದೆ ಇರಲಿಕ್ಕಿಲ್ಲ.

ಆ ಮನೆಗೆ, ವಿದೇಶದಲ್ಲಿ ಓದುತ್ತಿದ್ದ ತಂಗಿ ಎರಡು ವರ್ಷದ ಮೇಲೆ ರಜೆಗೆ ಬಂದಳು. ಅಕ್ಕನ ಕಣ್ಣೆಲ್ಲ ಪೆಟ್ಟಿಗೆಯ ಮೇಲೇ ಇತ್ತು. ತೆರೆದು ನೋಡಿದರೆ ಅರ್ಧ ಖಾಲಿ. ನಾಲ್ಕು ಪುಸ್ತಕ, ಒಂದಿಷ್ಟು ಹಳೇ ಬಟ್ಟೆ. ಎಲ್ಲಕ್ಕಿಂತ ಮೇಲೆ, ನಾಲ್ಕು ವರ್ಷದ ಹಿಂದೆ ಅಕ್ಕನೇ ಹೊಲಿದುಕೊಟ್ಟಿದ್ದ ನೀಲಿ ಅಂಗಿ. ಅದರ ಮೊಣಕೈಗೆ ಹಳದಿ ತೇಪೆ.

"ಅಷ್ಟು ದೂರ ಹೋಗಿ ತೇಪೆ ಹಾಕ್ಕೊಂಡು ಬಂದ್ಯಾ?" ಎಂದಳು ಅಕ್ಕ.

"ಬಟ್ಟೆ ಗಟ್ಟಿಯಾಗೇ ಇತ್ತಲ್ಲ ಅಕ್ಕ, ಯಾಕೆ ಬಿಸಾಕ್ಲಿ?"

ತಂಗಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅಡುಗೆಮನೆಯ ಹಸಿ ಕಸಕ್ಕೆ ಬೇರೆ ಬಕೆಟ್ ಇಟ್ಟಳು. ತರಕಾರಿ ತೊಳೆದ ನೀರನ್ನು ಗಿಡಕ್ಕೆ ಸುರಿದಳು. ಯಾರೂ ಇಲ್ಲದ ಕೋಣೆಯ ದೀಪ ಆರಿಸಿದಳು. ಅಮ್ಮ ಒಂದೊಂದಕ್ಕೂ, "ನೋಡು, ಚಿಕ್ಕವಳು ಎಷ್ಟು ಕಲ್ತು ಬಂದಿದಾಳೆ" ಎಂದಳು. ಇಷ್ಟೂ ವರ್ಷ ಅದೇ ಅಮ್ಮನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟು ಕಾಲು ಒತ್ತಿದವಳು ಅಕ್ಕ. ಅಂಥದ್ದೊಂದು ಮಾತು ಅವಳ ಕಿವಿಗೆ ಎಂದೂ ಬಿದ್ದಿರಲಿಲ್ಲ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಸಾಲದ್ದಕ್ಕೆ ಬೇಕರಿಯವನ ಹೆಂಡತಿ ಅಕ್ಕನ ಹೊಲಿಗೆ ಅಂಗಡಿಗೆ ಬಂದು ಹೊಚ್ಚಹೊಸ ಅಂಗಿಯೊಂದನ್ನು ಮೆಷಿನ್ ಮೇಲೆ ಇಟ್ಟಳು. "ನಿಮ್ಮ ತಂಗಿ ಅಂಗೀಲಿದ್ಯಲ್ಲ, ಅಂಥದ್ದೇ ಒಂದು ತೇಪೆ ಹಾಕ್ಕೊಡಿ."

"ಇದು ಹರಿದೇ ಇಲ್ವಲ್ಲ?"

"ಹರೀದಿದ್ರೂ ಪರವಾಗಿಲ್ಲ. ಫಾರಿನ್ ಥರ ಕಾಣತ್ತೆ."

ಹಾಕಿದ ತೇಪೆ ಯಾರ ಕಣ್ಣಿಗೂ ಬೀಳಬಾರದು ಎಂದು ಹದಿನೈದು ವರ್ಷ ಕಣ್ಣು ಸವೆಸಿದವಳಿಗೆ ಈ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಪರಿಸರವನ್ನು ಈ ತಂಗಿಯೊಬ್ಬಳೇ ಗುತ್ತಿಗೆ ಹಿಡಿದಿದ್ದಾಳೆಯೇ? ಅಕ್ಕ ಅವತ್ತೇ ಪೇಟೆಗೆ ಹೋದಳು. ಗಾಜಿನ ಜಾಡಿ, ಮರದ ಸೌಟು, ಸ್ಟೀಲ್ ಬಾಟ್ಲಿ, ಕೊನೆಗೆ ಆರು ಬಟ್ಟೆ ಚೀಲವನ್ನೂ ಕೊಂಡು ತಂದಳು. ಟೈಲರ್ ಆಗಿದ್ದುಕೊಂಡು ಬಟ್ಟೆ ಚೀಲ ಕೊಂಡಳು ನೋಡಿ. ಎಲ್ಲವನ್ನೂ ಅಮ್ಮನಿಗೆ ಕಾಣುವ ಹಾಗೆ ಸಾಲಾಗಿ ಜೋಡಿಸಿದಳು.

ಶನಿವಾರ ಬಂತು. ತಂಗಿ ಸ್ನಾನಕ್ಕೆ ಹೋದದ್ದೇ ತಡ, ಹೊಸ ಜಾಡಿಗಳಿಗೆ ಜಾಗ ಮಾಡಲು, ಒಂದು ಮುಚ್ಚಳವೂ ಕೆಡದಿದ್ದ ಹಳೇ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಅರ್ಧದಷ್ಟನ್ನು ಬಟ್ಟೆ ಚೂರುಗಳ ಮೇಲೆ ಸುರಿದು ಅಕ್ಕ ಕಡ್ಡಿ ಗೀರಿದಳು. ಕಪ್ಪು ಹೊಗೆ ಎದ್ದಿತು. ಒಣಗಿದ ಬಟ್ಟೆ ತರಲು ಹಿತ್ತಲಿಗೆ ಬಂದ ಅಮ್ಮ ಎರಡೇ ಹೆಜ್ಜೆಗೆ ಗೋಡೆ ಹಿಡಿದು ಕುಸಿದಳು. ಉಸಿರು ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ.

ಎದುರುಮನೆಯ ನರ್ಸ್ ಓಡಿ ಬಂದು ಬೆಂಕಿಗೆ ನೀರು ಸುರಿದು, ಅಮ್ಮನನ್ನು ಮುಂದಿನ ಕೋಣೆಯಲ್ಲಿ ಕೂರಿಸಿ ಇನ್ಹೇಲರ್‌ನಿಂದ ಉಬ್ಬಸದ ಔಷಧಿ ಎಳೆಸಿದಳು. ತುಟಿಗೆ ಬಣ್ಣ ಮರಳಲು ಅರ್ಧ ಗಂಟೆ ಹಿಡಿಯಿತು.

"ಪ್ಲಾಸ್ಟಿಕ್ಕು, ನೈಲಾನ್ ಸುಟ್ಟ ಹೊಗೆ ವಿಷ ಕಣಮ್ಮ" ಎಂದಳು ನರ್ಸ್. "ಗಟ್ಟಿಮುಟ್ಟಾಗಿರೋರಿಗೇ ಆಗಲ್ಲ. ಪ್ರತಿ ಶನಿವಾರ ನೀನು ಇವರಿಗೆ ಇದನ್ನೇ ಕುಡಿಸ್ತಿದೀಯ. ಮಾತ್ರೆ ಕೊಟ್ಟು ಏನು ಪ್ರಯೋಜನ?"

ಅಕ್ಕ ನೆಲದ ಮೇಲೆ ಕುಳಿತು ಅತ್ತಳು. "ಅಮ್ಮ ಒಂದ್ಸಲ ನನ್ನೂ ಹೊಗಳ್ಲಿ ಅಂತ ಮಾಡ್ದೆ. ಇವಳಿಗಿಂತ ಹೆಚ್ಚು ಅನ್ನಿಸ್ಕೋಬೇಕು ಅಂತ."

ಸದ್ದು ಕೇಳಿ ಒದ್ದೆ ತಲೆಯಲ್ಲೇ ಓಡಿಬಂದಿದ್ದ ತಂಗಿ ಅಕ್ಕನ ಪಕ್ಕದಲ್ಲಿ ಕೂತಳು. "ನಾನೂ ಇದೇ ಮಾಡಿದ್ದೆ ಅಕ್ಕ. ಅಲ್ಲಿ ಹಾಸ್ಟೆಲ್ ಜೊತೆಯವರನ್ನ ನೋಡಿ ಹೊಟ್ಟೆಕಿಚ್ಚು. ಇದ್ದಿದ್ದೆಲ್ಲ ಬಿಸಾಕಿ ಹೊಸ ಬಾಟ್ಲಿ, ಹೊಸ ಚೀಲ ತಂದೆ. ಗುಡಿಸೋಕೆ ಬರೋ ಅಜ್ಜಿ ಕಸದಿಂದ ನನ್ನ ಹಳೇ ಬಾಟ್ಲಿ ಎತ್ತಿ ತಂದು ಕೈಗಿಟ್ಟು, ಇದಕ್ಕೇನಾಗಿದೆ ಅಂತ ಕೇಳಿದ್ರು. ಅದನ್ನೇ ತೊಳೆದು ಇಟ್ಕೊಂಡೆ. ಇರೋದನ್ನ ಕೊನೇತನಕ ಬಳಸ್ಬೇಕು, ಕೊಳ್ಳೋದು ಆಮೇಲಿನ ಮಾತು ಅಂತ ಅವತ್ತು ತಿಳೀತು."

"ಆ ತೇಪೆ?"

"ನೀನು ಹೊಲಿಯೋವಾಗ ಪಕ್ಕದಲ್ಲಿ ಕೂತು ನೋಡ್ತಿದ್ನಲ್ಲ, ಅದನ್ನ ನೆನೆಸ್ಕೊಂಡು ಹಾಕ್ದೆ. ಆಮೇಲೆ ಇಡೀ ಹಾಸ್ಟೆಲ್ಲೇ ಹರಿದ ಬಟ್ಟೆ ಹಿಡ್ಕೊಂಡು ನನ್ನ ಬಾಗಿಲಿಗೆ ಬಂತು. ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿದ್ರು."

ಅಕ್ಕ ಮೂಗು ಒರೆಸಿಕೊಂಡಳು. "ಕಲಿಸಿದ್ದು ನಾನು. ಚಪ್ಪಾಳೆ ನಿಂಗೆ."

"ಹೂಂ."

"ಬಿಚ್ಚು ಆ ಅಂಗೀನ. ಇಷ್ಟು ಸೊಟ್ಟ ಹೊಲಿಗೆ ಹಾಕಿ ನನ್ನ ಮಾನ ಕಳ್ದಿದೀಯ."

ಅಮ್ಮನಿಗೆ ನಗು ಬಂತು, ಜೊತೆಗೆ ಕೆಮ್ಮೂ ಬಂತು.

ಆಮೇಲೆ ಆ ಹಿತ್ತಲಲ್ಲಿ ಹೊಗೆ ಏಳಲಿಲ್ಲ. ಉಳಿದ ಹಳೇ ಡಬ್ಬಿಗಳಲ್ಲಿ ಗುಂಡಿ, ಜಿಪ್ಪು, ದಾರ ಸೇರಿದವು. ಬಟ್ಟೆ ಚೂರುಗಳು ಅಮ್ಮನ ಬೆನ್ನಿಗೆ ದಿಂಬಾದವು. ಇನ್ನುಳಿದದ್ದು ಒಣ ಕಸದ ಗಾಡಿಗೆ ಹೋಗುತ್ತದೆ. ಅಂಗಡಿಗೆ ಈಗ ಹೊಸ ಬಟ್ಟೆಗಿಂತ ಹರಿದ ಬಟ್ಟೆಯೇ ಹೆಚ್ಚು ಬರುತ್ತದೆ. ಅಮ್ಮ ದಿಂಬಿಗೆ ಒರಗಿ ಬಂದವರಿಗೆಲ್ಲ, "ನನ್ನ ದೊಡ್ಡ ಮಗಳು ಮಾಡಿದ್ದು" ಎನ್ನುತ್ತಾಳೆ.

"ನನ್ನ ಹೆಸರೂ ಒಂದ್ಸಲ ಹೇಳಮ್ಮ" ಎಂದು ತಂಗಿ ಮುಖ ಊದಿಸಿಕೊಂಡರೆ, ಅಕ್ಕ ಕೇಳಿಸದವಳಂತೆ ಮೆಷಿನ್ ತುಳಿಯುತ್ತಾಳೆ.

ಇಷ್ಟು ಹೊತ್ತು ಕೇಳಿದವರೇ, ಮನೆಗೆ ಹೋದ ಮೇಲೆ ಒಂದು ಸಲ ನಿಮ್ಮ ಹಳೇ ಡಬ್ಬಿ, ಹಳೇ ಅಂಗಿ ಕೈಗೆತ್ತಿಕೊಂಡು ನೋಡಿ. ಇದಕ್ಕೇನಾಗಿದೆ ಎಂದು ಕೇಳಿಕೊಳ್ಳಿ. ಹೊಟ್ಟೆಕಿಚ್ಚು ಪಡಲೇಬೇಕು ಎನಿಸಿದರೆ, ಪಕ್ಕದವರ ಅಂಗಿ ನಿಮ್ಮದಕ್ಕಿಂತ ಎರಡು ವರ್ಷ ಹೆಚ್ಚು ಬಾಳಿತಲ್ಲ ಎಂದು ಪಡಿ. ಹಿತ್ತಲಲ್ಲಿ ಬೆಂಕಿ ಮಾತ್ರ ಇಡಬೇಡಿ. ಒಳಗೆ ನಿಮ್ಮ ಅಮ್ಮ ಇದ್ದಾಳೆ.