ನಾಯಿ ಕೂತ ಜಾಗ

ನನ್ನ ಗಂಡ ನೆವಿಲ್‌ನ ಮೈಯಿಂದ ಗಾಂಜಾ ವಾಸನೆ ಬರುತ್ತದೆ ಎಂದು ಊರಿಗೆ ಮೊದಲು ತಿಳಿಸಿದವರು ಮಿಸೆಸ್ ಹಾರ್ಬರ್ಡ್. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಒರಟು ಹೆಂಗಸಲ್ಲ ಅವರು. ಒಂದು ಭಾನುವಾರ ಚರ್ಚಿನಲ್ಲಿ ನೆವಿಲ್ ಬಂದು ಅವರ ಪಕ್ಕ ಕೂತ. ಅವರು ಕೈಚೀಲ ಎತ್ತಿಕೊಂಡು, ಯಾರನ್ನೋ ಮಾತಾಡಿಸುವ ನೆಪದಲ್ಲಿ ಎದ್ದು, ಮುಂದಿನ ಸಾಲಿಗೆ ಹೋದರು. ಅಷ್ಟು ಸಾಕಾಯಿತು. ಇಂಗ್ಲೆಂಡಿನ ನಾರ್ಫೋಕಿನ ನಮ್ಮಂಥ ಸಣ್ಣ ಊರಲ್ಲಿ ಪಂಚಾಯಿತಿ ಅಧ್ಯಕ್ಷೆ ಮೂಗು ಹಿಡಿದರೆ ಊರೆಲ್ಲ ಮೂಗು ಹಿಡಿಯುತ್ತದೆ.

ಅವನಲ್ಲಿ ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಊರಾಚೆಯ ದೊಡ್ಡ ಗಾಜಿನಮನೆಯಲ್ಲಿ ಮೊದಲು ಟೊಮೇಟೊ ಬೆಳೆಯುತ್ತಿದ್ದರು, ನೆವಿಲ್ ಆಗಿನಿಂದಲೂ ಅಲ್ಲೇ ಕೆಲಸಕ್ಕಿದ್ದ. ಆಮೇಲೆ ಒಂದು ಔಷಧಿ ಕಂಪನಿ ಅದನ್ನು ಕೊಂಡು, ಸರಕಾರದ ಪರವಾನಗಿ ತಂದು, ಸುತ್ತ ಮುಳ್ಳುತಂತಿ ಹಾಕಿ ಗಾಂಜಾ ಬೆಳೆಯತೊಡಗಿತು. ಅಮಲೇರಿಸುವ ಜಾತಿಯಲ್ಲ, ಮಕ್ಕಳ ಫಿಟ್ಸಿಗೆ ಔಷಧಿ ತೆಗೆಯುವ ಜಾತಿ. ಕೆಲಸದವರು ಬೆಳಿಗ್ಗೆ ತಮ್ಮ ಬಟ್ಟೆ ಬಿಚ್ಚಿಟ್ಟು ಕಂಪನಿಯ ಬಟ್ಟೆ ತೊಡಬೇಕು, ಸಂಜೆ ಸ್ನಾನ ಮಾಡಿ ಕಾವಲಿನವನ ಕೈಯಲ್ಲಿ ತಡಕಿಸಿಕೊಂಡು ಹೊರಗೆ ಬರಬೇಕು. ಎಲೆಯ ಒಂದು ಚೂರು ಆಚೆ ಬಂದರೂ ಪರವಾನಗಿಗೇ ಕುತ್ತು. ಹೂ ಬಿಡುವ ಕಾಲದಲ್ಲಿ ಗಾಜಿನ ಕಿಂಡಿಗಳನ್ನು ತೆರೆದರೆ ಊರ ಗಾಳಿಯಲ್ಲಿ ವಾಸನೆ ತೇಲುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಟೊಮೇಟೊ ಕಾಲದಲ್ಲಿ ಕೈಯೆಲ್ಲ ಹಸಿರು ಕಲೆ ಮಾಡಿಕೊಂಡು ಬರುತ್ತಿದ್ದ ಗಂಡ ಈಗ ಮದುಮಗನ ಹಾಗೆ ತೊಳೆದುಕೊಂಡು ಮನೆಗೆ ಬರುತ್ತಿದ್ದ.

ಗಾಜಿನಮನೆಯನ್ನು ಮುಚ್ಚಿಸಬೇಕೆಂದು ಮಿಸೆಸ್ ಹಾರ್ಬರ್ಡ್ ಮನೆಮನೆಗೆ ಹೋಗಿ ಮನವಿಗೆ ಸಹಿ ಹಾಕಿಸಿದರು. ಧೈರ್ಯ ನೋಡಿ, ನಮ್ಮ ಮನೆಗೂ ಬಂದರು. ನೆವಿಲ್ ಅದನ್ನು ನಿಧಾನಕ್ಕೆ ಓದಿದ. ‘ಕೆಲಸಗಾರರ ಮೈಯಿಂದ ದುರ್ವಾಸನೆ’ ಎಂಬ ಮಾತು ಬಂದಾಗ ಅವನ ಕಿವಿ ಕೆಂಪಾಯಿತು.

"ನನ್ನ ಹತ್ರ ವಾಸನೆ ಬರಲ್ಲ, ಮಿಸೆಸ್ ಹಾರ್ಬರ್ಡ್," ಎಂದ. "ಬೇಕಾದ್ರೆ ಕಾಲರ್ ಮೂಸಿ ನೋಡಿ."

ಅವರು ಮೂಸಲಿಲ್ಲ. ಆವತ್ತಿನಿಂದ ಇವನಿಗೆ ಅದೊಂದು ಹಟವಾಯಿತು. ರಜೆಯ ದಿನವೂ ಕತ್ತಿನ ಹಿಂದೆ ಸೋಪು ಹಾಕಿ ಉಜ್ಜುತ್ತಿದ್ದ. ಪಬ್ಬಿನಲ್ಲಿ ಯಾರಾದರೂ ಕೀಟಲೆ ಮಾಡಿದರೆ ತೋಳು ಮುಂದೆ ಚಾಚಿ, "ಮೂಸು ಮತ್ತೆ," ಎನ್ನುತ್ತಿದ್ದ. ಬಡವನಿಗೆ ಇರುವುದು ಮರ್ಯಾದೆಯೊಂದೇ. ಇವನದು ಸೋಪಿನಲ್ಲಿತ್ತು.

ಹೀಗಿರುವಾಗ ಮಿಸೆಸ್ ಹಾರ್ಬರ್ಡ್ ಅವರ ಮಗಳು ಗಂಡನನ್ನು ಬಿಟ್ಟು, ಆರು ವರ್ಷದ ಮಗಳು ಟ್ಯಾಬಿಯನ್ನು ಕರೆದುಕೊಂಡು ತಾಯಿಯ ಮನೆಗೆ ಬಂದಳು. ಆ ಮಗುವಿಗೆ ಫಿಟ್ಸ್. ಮಾಮೂಲಿ ಫಿಟ್ಸ್ ಅಲ್ಲ, ಯಾವ ಮಾತ್ರೆಗೂ ಬಗ್ಗದ ಅಪರೂಪದ ಜಾತಿ. ಅಂಚೆ ಕಚೇರಿಯ ಮುಂದೆ ಒಮ್ಮೆ ನಾನೇ ಕಂಡೆ. ನಗುತ್ತ ಬರುತ್ತಿದ್ದ ಮಗು ಬುಡ ಕಡಿದಂತೆ ಬಿತ್ತು. ಅಜ್ಜಿ ತನ್ನ ಒಳ್ಳೆಯ ಕೋಟನ್ನು ಕೆಸರಲ್ಲಿ ಹಾಸಿ ಅದರ ತಲೆ ಹಿಡಿದುಕೊಂಡು ಕೂತಿದ್ದರು, ಯಾರ ಮುಖವನ್ನೂ ನೋಡದೆ.

ಸ್ವಲ್ಪ ದಿನಕ್ಕೆ ಅವರು ನಮ್ಮ ಹಿತ್ತಲ ಬಾಗಿಲು ತಟ್ಟಿದರು. ಯಾವತ್ತೂ ಮುಂಬಾಗಿಲಿನ ಗಂಟೆ ಬಾರಿಸುವವರು. ಒಳಗೆ ಬಂದು ಹವೆಯ ವಿಷಯ ಮಾತಾಡಿದರು, ನಮ್ಮ ಗುಲಾಬಿಯನ್ನು ಹೊಗಳಿದರು, ಚರ್ಚಿನ ಸೋರುವ ಮಾಡಿನ ಬಗ್ಗೆ ಹೇಳಿದರು. ಮಜ್ಜಿಗೆಗೆ ಬಂದು ಗಡಿಗೆ ಬಚ್ಚಿಡುವುದೆಂದರೆ ಇದೇ ಎಂದುಕೊಂಡು ನಾನು ಚಹಾ ಬಸಿದೆ. ಕೊನೆಗೆ ಬಟ್ಟಲಿನ ಒಳಗೇ ನೋಡುತ್ತ ಕೇಳಿದರು: ಆ ಗಿಡದ್ದು ಏನಾದರೂ, ಸ್ವಲ್ಪವೇ ಸ್ವಲ್ಪ, ಸಿಗಬಹುದೇ?

"ನನ್ನ ಉಗುರಿನ ಸಂದಿ ಸಹ ನೋಡಿ ಆಚೆ ಬಿಡ್ತಾರೆ," ಎಂದ ನೆವಿಲ್. "ತಂದ್ರೂ ಅದು ಬರೀ ಸೊಪ್ಪು, ಔಷಧಿ ಅಲ್ಲ. ಲಂಡನ್ನಿನ ಆಸ್ಪತ್ರೇಲಿ ಈ ಔಷಧಿ ಪರೀಕ್ಷೆಗೆ ಮಕ್ಕಳನ್ನ ತಗೋತಿದ್ರಲ್ಲ?"

ಅಲ್ಲಿ ಕೇಳಿ ಆಗಿತ್ತು. ಪರೀಕ್ಷೆಗೆ ಬೇಕಾದ ಮಕ್ಕಳು ಭರ್ತಿಯಾಗಿದ್ದರು. ಔಷಧಿ ಅಂಗಡಿಗೆ ಬರುವುದು ಮೊದಲು ಅಮೆರಿಕದಲ್ಲಂತೆ, ಅಲ್ಲಿ ಬೆಲೆ ಚೆನ್ನಾಗಿ ಸಿಗುತ್ತದಂತೆ. ಇಲ್ಲಿಗೆ ಯಾವಾಗಲೋ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮೂರ ಹಿತ್ತಲ ಗಿಡ ಮದ್ದೇ ಆಗಿತ್ತು, ನಮ್ಮೂರಿಗೆ ಮಾತ್ರ ಅಲ್ಲ.

"ಹಾಗಾದ್ರೆ ಬೇರೆ ಕಡೆ ನೋಡ್ಬೇಕಾಗುತ್ತೆ," ಎಂದು ಅವರು ಎದ್ದರು. ಬಾಗಿಲಲ್ಲಿ ತಿರುಗಿ, "ಈ ಮಾತು ಇಲ್ಲೇ ಇರ್ಲಿ," ಎಂದರು. ನೆವಿಲ್ ತಲೆಯಾಡಿಸಿದ.

ಬೇರೆ ಕಡೆ ಎಂದರೆ ಹಾಲೆಂಡು. ಅಂಥದೇ ಮಗುವಿರುವ ಒಬ್ಬ ತಾಯಿ ಅಲ್ಲಿಂದ ಗಾಂಜಾ ಎಣ್ಣೆ ತರಿಸಿಕೊಡುತ್ತಿದ್ದಳು. ಮಿಸೆಸ್ ಹಾರ್ಬರ್ಡ್ ಅದನ್ನು ವೆನಿಲಾ ಎಸೆನ್ಸಿನ ಪುಟ್ಟ ಶೀಷೆಗೆ ಹೊಯ್ದು, ಹೋದಲ್ಲೆಲ್ಲ ಕೈಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ: ಬೇಸಿಗೆ ಬರುವ ಹೊತ್ತಿಗೆ ಟ್ಯಾಬಿ ಬೀಳುವುದು ಕಡಿಮೆಯಾಗಿತ್ತು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವಿನ ಬೇಲಿಯಾಚೆ ನಿಂತು ನಮ್ಮ ಬೆಕ್ಕಿಗೆ ಹಾಡು ಹೇಳುತ್ತಿತ್ತು. ಪೊಲೀಸರ ಕೈಗೆ ಆ ಶೀಷೆ ಸಿಕ್ಕಿದ್ದರೆ ಅದು ಹೋಗುತ್ತಿತ್ತು, ಅದರ ಜೊತೆ ಆ ಹಾಡೂ ಹೋಗುತ್ತಿತ್ತು.

ಜುಲೈಯಲ್ಲಿ ಚರ್ಚಿನ ಬೇಸಿಗೆ ಮೇಳ. ನಾನು ಚಹಾದ ಡೇರೆಯಲ್ಲಿದ್ದೆ, ನೆವಿಲ್ ಎಂದಿನಂತೆ ಸಭಾಭವನದಿಂದ ಕುರ್ಚಿ ಹೊತ್ತು ಮೈದಾನದಲ್ಲಿ ಸಾಲಾಗಿ ಇಟ್ಟಿದ್ದ. ಮಧ್ಯಾಹ್ನ ಪೊಲೀಸ್ ನಾಯಿಯ ಆಟ. ಕಳ್ಳನ ತೋಳು ಕಚ್ಚುವ ದೊಡ್ಡ ನಾಯಿ ಬರಬೇಕಿತ್ತು. ಅದಕ್ಕೆ ಕಾಲುನೋವೆಂದು ನಾರ್ವಿಚ್ ಪೊಲೀಸರು ಬೇರೊಂದನ್ನು ಕಳಿಸಿದ್ದರು. ಜೋಲುಕಿವಿಯ ಸಣ್ಣ ನಾಯಿ, ಹೆಸರು ಬಿಸ್ಕೆಟ್. ಇದು ಕಚ್ಚುವುದಿಲ್ಲ, ಮಾದಕವಸ್ತು ಮೂಸಿ ಹಿಡಿಯುತ್ತದೆ, ಸಿಕ್ಕಿದರೆ ಸುಮ್ಮನೆ ಕೂತು ದಿಟ್ಟಿಸುತ್ತದೆ ಎಂದು ಪೇದೆ ಮೈಕಿನಲ್ಲಿ ಹೇಳಿದ. ನಡುವೆ ಸಾಲಾಗಿ ಇಟ್ಟ ಪೆಟ್ಟಿಗೆಗಳಲ್ಲಿ ಒಂದರೊಳಗೆ ಸರಕಿತ್ತು.

ಬಿಸ್ಕೆಟ್ ಪೆಟ್ಟಿಗೆಗಳತ್ತ ಹೋಗಲಿಲ್ಲ. ಗಾಳಿಗೆ ಮೂಗೆತ್ತಿತು, ಬಾಲ ಅಲ್ಲಾಡಿಸುತ್ತ ಮೊದಲ ಸಾಲಿಗೆ ನಡೆಯಿತು, ಮಿಸೆಸ್ ಹಾರ್ಬರ್ಡ್ ಅವರ ಮುಂದೆ ಕೂತುಬಿಟ್ಟಿತು.

ಊರೆಲ್ಲ ನಕ್ಕಿತು. ಪಂಚಾಯಿತಿ ಅಧ್ಯಕ್ಷೆಯ ಮುಂದೆ! ಪೇದೆಯೂ ನಕ್ಕು ನಾಯಿಯನ್ನು ಕರೆದ. ಅದು ಏಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವರ ಎರಡೂ ಕೈ ತೊಡೆಯ ಮೇಲಿನ ಚೀಲವನ್ನು ಅಪ್ಪಿಕೊಂಡವು. ಪೇದೆಯ ನಗು ನಿಧಾನಕ್ಕೆ ಇಳಿಯಿತು. ನೋಡಿದ ಮೇಲೆ ಬಿಡುವಂತಿಲ್ಲ, ಚೀಲ ಒಂದು ಸಲ ತೆರೆದು ತೋರಿಸಿದರೆ ಆಯಿತು ಎಂದ. ಪಕ್ಕದಲ್ಲಿ ಟ್ಯಾಬಿ ಐಸ್‌ಕ್ರೀಮ್ ನೆಕ್ಕುತ್ತಿತ್ತು.

ಆಗ ನೆವಿಲ್ ಮೈದಾನದ ಸುತ್ತ ಕಟ್ಟಿದ್ದ ಹಗ್ಗ ದಾಟಿ ಬಂದ.

"ಅದು ನಂದು," ಎಂದ. "ಆ ಕುರ್ಚಿ ಹೊತ್ತು ತಂದೋನು ನಾನು. ನನ್ನ ಕೋಟು ಬೆಳಗಿಂದ ಅದರ ಮೇಲೇ ಇತ್ತು. ನಾನು ಗಾಜಿನಮನೇಲಿ ಕೆಲಸ ಮಾಡೋದು. ವಾಸನೆ ಹತ್ಕೊಂಡಿರುತ್ತೆ."

ಮತ್ತೆ ನಗು, ಈ ಸಲ ಇನ್ನೂ ಜೋರು. ಪೇದೆಯ ಭುಜ ಸಡಿಲವಾಯಿತು. ಮೂಗಿನ ಹತ್ತಿರ ಕೈ ಬೀಸಿದವರು ಕೆಲವರು, ಫೋನಿನಲ್ಲಿ ಚಿತ್ರ ಹಿಡಿದವರು ಕೆಲವರು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮಿಸೆಸ್ ಹಾರ್ಬರ್ಡ್ ಎದ್ದು ನಿಂತರು. ಹೆದರಿದವರಿಗೆ ಬಾಯಿ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದಿಲ್ಲ.

"ನಾವು ಮನವೀಲಿ ಬರೆದಿದ್ದು ಇದನ್ನೇ, ಮಿಸ್ಟರ್ ಥರ್ಟಲ್," ಎಂದರು, ಎಲ್ಲರಿಗೂ ಕೇಳುವ ಹಾಗೆ. ಅಲ್ಲಿಯವರೆಗೆ ನೆವಿಲ್ ಎನ್ನುತ್ತಿದ್ದವರು. "ಮಕ್ಕಳು ಸೇರೋ ಜಾಗಕ್ಕೆ ಹೀಗಾ ಬರೋದು? ಮೈ ತೊಳ್ಕೊಂಡು ಬರಬೇಕು."

ನೆವಿಲ್ ತಲೆ ತಗ್ಗಿಸಿ, "ತಪ್ಪಾಯ್ತು," ಎಂದ. ಚಹಾದ ಕೆಟಲು ಹಿಡಿದು ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವನ ಕತ್ತಿನ ಹಿಂಭಾಗ ನನಗೆ ಕಾಣುತ್ತಿತ್ತು. ಬೆಳಿಗ್ಗೆ ತಾನೇ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದ.

ಮನೆಗೆ ಬಂದ ಮೇಲೆ ನಾನು ಕೂಗಾಡಿದೆ. ಅವನು ಶೂ ಬಿಚ್ಚುತ್ತ ಒಂದೇ ಮಾತು ಹೇಳಿದ: "ಚೀಲ ತೆಗೆದಿದ್ರೆ ಮಗು ಗತಿ ಏನು, ಗ್ಲೆನಿಸ್?" ಆಮೇಲೆ ಸ್ನಾನಕ್ಕೆ ಹೋದ. ನೀರು ಬಹಳ ಹೊತ್ತು ಸುರಿಯುತ್ತಿತ್ತು.

ಫೋನಿನ ಚಿತ್ರ ಕಂಪನಿಗೂ ತಲುಪಿತು. ಮ್ಯಾನೇಜರ್ ಕರೆಸಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: ಸ್ನಾನ ಮಾಡಿ, ತಡಕಿಸಿಕೊಂಡು ಹೊರಬಿದ್ದವನ ಕೋಟಿನಲ್ಲಿ ನಾಯಿ ಹಿಡಿಯುವಷ್ಟು ವಾಸನೆ ಹೇಗೆ ಬಂತು? ಏನು ಹೊರಗೆ ತಂದಿದ್ದೆ? ಇವನು ಸುಳ್ಳು ಹೇಳಿದೆ ಎಂದರೆ, ಹಾಗಾದರೆ ನಿಜವಾಗಿ ಯಾರದು ಎಂದು ಕೇಳುತ್ತಾರೆ. ಇವನು ಬಾಯಿ ಬಿಡಲಿಲ್ಲ. ಕೆಲಸ ಹೋಯಿತು. ಟೊಮೇಟೊ ಕಾಲದಿಂದ ಇದ್ದವನು ಧಾನ್ಯದ ಲಾರಿ, ಚಳಿಗಾಲದಲ್ಲಿ ಸಕ್ಕರೆ ಬೀಟಿನ ಲಾರಿ ಓಡಿಸಲು ಹೋದ.

ಅವನು ಪಬ್ಬಿಗೆ ಕಾಲಿಟ್ಟರೆ, "ಕಿಟಕಿ ತೆಗೀರಪ್ಪಾ," ಎನ್ನುತ್ತಿದ್ದರು. ಈಗ ತೋಳು ಚಾಚಿ ಮೂಸು ಎನ್ನುವ ಬಾಯಿ ಅವನಿಗಿರಲಿಲ್ಲ. ನಿಧಾನಕ್ಕೆ ಪಬ್ಬು ಬಿಟ್ಟ, ಆಮೇಲೆ ಚರ್ಚೂ ಬಿಟ್ಟ. ಮಿಸೆಸ್ ಹಾರ್ಬರ್ಡ್ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಅವರು ಬಾಯಿಬಿಟ್ಟರೆ ಶೀಷೆ ಹೋಗುತ್ತದೆ ಎಂದು ನನ್ನ ತಲೆಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ. ಎಷ್ಟೋ ಸಲ ಅಂಗಡಿಯಲ್ಲಿ ನಿಂತು ಎಲ್ಲ ಹೇಳಿಬಿಡೋಣ ಎನ್ನಿಸುತ್ತಿತ್ತು. ಬೇಲಿಯಾಚೆ ಆ ಮಗು ಬೆಕ್ಕಿಗೆ ಹಾಡು ಹೇಳುವುದು ಕೇಳಿಸುತ್ತಿತ್ತು, ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ ಆ ಔಷಧಿಗೆ ಇಲ್ಲಿಯೂ ಒಪ್ಪಿಗೆ ಸಿಕ್ಕಿತು. ಡಾಕ್ಟರೇ ಚೀಟಿ ಬರೆದು ಕೊಡುವ, ಸ್ಟ್ರಾಬೆರಿ ರುಚಿಯ ಔಷಧಿ. ಟ್ಯಾಬಿಗೂ ಸಿಕ್ಕಿತು. ಆ ಸಲದ ಮೇಳದ ಖರ್ಚೆಲ್ಲ ಕಂಪನಿಯದು. ವಾಸನೆಯ ಮಾತು ಯಾರ ಬಾಯಲ್ಲೂ ಇಲ್ಲ, ಈಗ ಗಾಜಿನಮನೆ ಊರಿನ ಹೆಮ್ಮೆ. ಉದ್ಘಾಟನೆಗೆ ಮಿಸೆಸ್ ಹಾರ್ಬರ್ಡ್. ಕುರ್ಚಿ ಹೊರಲು ಜನ ಸಾಲದೆಂದು ಪಾದ್ರಿ ಬಂದು ಕೇಳಿದ್ದಕ್ಕೆ ನೆವಿಲ್ ಲಾರಿ ನಿಲ್ಲಿಸಿ, ಹಾಕಿಕೊಂಡ ಬಟ್ಟೆಯಲ್ಲೇ ಬಂದಿದ್ದ.

ಮಿಸೆಸ್ ಹಾರ್ಬರ್ಡ್ ಕಂಪನಿಗೆ ವಂದನೆ ಹೇಳಿದರು, ಮ್ಯಾನೇಜರಿಗೆ ಹೇಳಿದರು, ಹವೆಗೆ ಹೇಳಿದರು. ಆಮೇಲೆ ಕಾಗದ ಮಡಚಿದರು.

"ಹಿಂದೆ ಇದೇ ಮೈದಾನದಲ್ಲಿ ಪೊಲೀಸ್ ನಾಯಿ ನನ್ನ ಮುಂದೆ ಬಂದು ಕೂತಿತ್ತು. ಆ ನಾಯಿ ತಪ್ಪು ಮಾಡ್ಲಿಲ್ಲ."

ಜನ ಹೋ ಎಂದು ನಕ್ಕರು. ಅಧ್ಯಕ್ಷೆ ತಮಾಷೆಯನ್ನೂ ಮಾಡುತ್ತಾರೆ! ಹಿಂದಿನಿಂದ ಯಾರೋ, "ನೆವಿಲ್, ಇವತ್ತಾದ್ರೂ ಸ್ನಾನ ಆಯ್ತೇನಪ್ಪಾ?" ಎಂದು ಕೂಗಿದರು. ಅವರು ಮೈಕಿನ ಮುಂದೆ ಹಾಗೇ ನಿಂತಿದ್ದರು. ಆ ನಗುವಿನಲ್ಲೇ ಕೂತುಬಿಡಬಹುದಿತ್ತು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಈಗ ಹೋಗಲು ಶೀಷೆಯೂ ಇಲ್ಲ. ತಡೆಯುವುದು ನಾಚಿಕೆಯೊಂದೇ. ಕುರ್ಚಿ ಸಾಲಿನ ಕೊನೆಯಲ್ಲಿ ನಿಂತಿದ್ದ ನೆವಿಲ್ ಬೇಡ ಎನ್ನುವಂತೆ ತಲೆಯಾಡಿಸಿದ್ದನ್ನು ನಾನು ಕಂಡೆ. ಅವರೂ ಕಂಡರು.

"ನಗಬೇಡಿ," ಎಂದರು. ಮುಖ ಕತ್ತಿನವರೆಗೂ ಕೆಂಪಾಗಿತ್ತು. "ಎಣ್ಣೆ ನನ್ನ ಚೀಲದಲ್ಲಿತ್ತು. ಟ್ಯಾಬಿಗೆ ಅಂತ ಕದ್ದುಮುಚ್ಚಿ ತರಿಸಿದ್ದು. ಅವರ ಕೋಟಲ್ಲಿ ಏನೂ ಇರಲಿಲ್ಲ. ಅದು ಗೊತ್ತಿದ್ದೂ ನಾನು ಅವರಿಗೆ ಮೈ ತೊಳ್ಕೊಂಡು ಬಾ ಅಂದೆ."

ಮೈಕು ಒಂದು ಸಲ ಕಿರುಚಿತು. ಮ್ಯಾನೇಜರ್ ತನ್ನ ಶೂಗಳನ್ನು ನೋಡಿಕೊಂಡ. ಯಾರೂ ನೆವಿಲ್ ಕಡೆ ತಿರುಗಲಿಲ್ಲ, ತಿರುಗಲು ಯಾರಿಗೂ ಮುಖವಿರಲಿಲ್ಲ.

ಆಮೇಲೆ ಎಲ್ಲರೂ ನನ್ನ ಡೇರೆಗೆ ಬಂದರು. ತಪ್ಪಾಯಿತು ಎನ್ನಲು ಬಾಯಿ ಬಾರದ ಜನ ನಾವು, ಚಹಾ ಕೇಳುತ್ತೇವೆ. ಕಿಟಕಿ ತೆಗೀರಿ ಎಂದವನು ಬಂದ, ಮೂಗು ಹಿಡಿದವಳು ಬಂದಳು, ಆಗಲೇ ಕುಡಿದವರೂ ಇನ್ನೊಂದು ಬಟ್ಟಲು ಹಿಡಿದು ಸಕ್ಕರೆ ಕಲಕುತ್ತ ನಿಂತರು. ಈ ದಿನಕ್ಕೆ ನಾನು ಎಷ್ಟು ಕಾದಿದ್ದೆ. ಬಂದಾಗ ನನಗೂ ಯಾಕೋ ನಾಚಿಕೆಯಾಯಿತು, ಯಾರ ಕಣ್ಣನ್ನೂ ನೋಡದೆ ಬಸಿದು ಕೊಟ್ಟೆ.

ಕೊನೆಗೆ ಮಿಸೆಸ್ ಹಾರ್ಬರ್ಡ್ ಬಂದರು, ಟ್ಯಾಬಿಯ ಕೈ ಹಿಡಿದುಕೊಂಡು. ನೆವಿಲ್ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅವರು ಅದರಲ್ಲೇ ಕೂತರು, ಚೀಲವನ್ನು ಹುಲ್ಲಿನ ಮೇಲಿಟ್ಟು. ಟ್ಯಾಬಿ ನೆವಿಲ್‌ನ ತೋಳಿನ ಹತ್ತಿರ ಬಗ್ಗಿ ಮೂಗು ಸೊಟ್ಟ ಮಾಡಿತು.

"ಅಜ್ಜೀ, ಇವರ ಹತ್ರ ಡೀಸೆಲ್ ವಾಸನೆ."

ಮಿಸೆಸ್ ಹಾರ್ಬರ್ಡ್ ಕಣ್ಣು ಮುಚ್ಚಿಕೊಂಡರು. ನೆವಿಲ್ ತನ್ನ ತೋಳನ್ನು ತಾನೇ ಒಮ್ಮೆ ಮೂಸಿ ನೋಡಿದ.

"ಹೌದು ಪುಟ್ಟೀ," ಎಂದ. "ಇದು ಮಾತ್ರ ನಂದೇ."