ಮರಿ ಕಾಯುವ ಮೀನು

ಹುಣಸೆಹುಳಿ ಕುದಿಯುವ ವಾಸನೆ, ಅತ್ತೆ ಕೋಟೇಶ್ವರಮ್ಮ ಸೌಟು ಆಡಿಸುವುದಿಲ್ಲ, ಪಾತ್ರೆಯನ್ನೇ ಹಿಡಿದು ತಿರುಗಿಸುತ್ತಾರೆ, ಮೀನು ಒಡೆಯಬಾರದಂತೆ — ಒಡೆದರೇ ಚೆನ್ನಾಗಿತ್ತು, ಗುರುತು ಸಿಗದ ಹಾಗೆ ಕರಗಿಹೋದರೆ ಇನ್ನೂ ಚೆನ್ನಾಗಿತ್ತು, ಎಂದುಕೊಂಡ ಧೀರಜ್, ಆಟೋನಗರದ ಮಾವನ ಮನೆಯಲ್ಲಿ ಎಲೆಯ ಮುಂದೆ ಕೂತು. ಹೊರಗೆ ಯಾವುದೋ ಲಾರಿಯ ತಗಡು ಬಡಿಯುತ್ತಿದ್ದಾರೆ, ಭಾನುವಾರವೂ ಬಿಡುವಿಲ್ಲ ಇವರಿಗೆ, ಆ ಸದ್ದಿಗಿಂತ ಜೋರಾಗಿ ಮಾವ ಸತ್ಯಮೂರ್ತಿ ಫೋನಿನಲ್ಲಿ, ನಮ್ಮ ಅಳಿಯಂದಿರು ಹಿಡಿದದ್ದು ರೀ, ವೈಜಾಗ್ ನೇವಿಯವರು, ಹುಟ್ಟಿದಾಗಿನಿಂದ ಬೇಳೆ ತಿಂದು ಬೆಳೆದವರು, ಗಾಳ ಹಾಕಿದ್ದೇ ತಡ ಮಟ್ಟಗಿಡಸ! ಬೆಳಗಿನಿಂದ ಇದೇ ಆಯಿತು, ಅರ್ಧ ವಿಜಯವಾಡಕ್ಕೆ ಗೊತ್ತಾಗಿದೆ, ಮುಖ ಎಲ್ಲಿಟ್ಟುಕೊಳ್ಳಲಿ, ಎಲೆಗೆ ನೀರು ಚಿಮುಕಿಸಿದ, ಆಗಲೇ ಚಿಮುಕಿಸಿ ಒರೆಸಿದ್ದ ಎಲೆಗೇ.

ನಿನ್ನೆ ಬಿಸಿಲೇರುವ ಮೊದಲು, ವೈಜಾಗಿನ ಆಚೆ ಅನಂತಗಿರಿಯ ಕೆಳಗಿನ ಹಳ್ಳ, ಬಂಡೆಗಳ ಸಂದಿಯಲ್ಲಿ ಮೊಣಕಾಲುದ್ದ ನೀರು, ಮಾವ ಎರೆಹುಳ ಚುಚ್ಚುವುದು, ಎಳೆಯುವುದು, ಗೇಣುದ್ದದ ಮೀನು, ಹಾವಿನಂಥ ತಲೆ, ಬಂಡೆಯ ಬಣ್ಣದ ಮೈ, ಅದೇ ಮಟ್ಟಗಿಡಸ. ಧೀರಜನಿಗೆ ಮಾತ್ರ ಒಂದೂ ಇಲ್ಲ. ನಮ್ಮ ಪಪ್ಪು ಅಲ್ಲುಡಿಗೆ ಮೀನೂ ಹೆದರೋದಿಲ್ಲವಲ್ಲ ಬಾಬೂ — ಬೇಳೆ ಅಳಿಯ, ಮದುವೆಯಾದಾಗಿನಿಂದ ಮಾವನದು ಇದೇ ತಮಾಷೆ, ನಕ್ಕ, ನಗದೆ ಏನು ಮಾಡುವುದು, ಒಳಗೆ ಉರಿಯುತ್ತಿತ್ತು. ಆಮೇಲೆ ಆ ಮಡು, ನೀರಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಮರಿಗಳು, ಒಟ್ಟಾಗಿ ಕದಲುತ್ತ, ಮಾವ ನೋಡಿದವರೇ ದಾರ ಸುತ್ತಿಬಿಟ್ಟರು, ಬೇಡ ಬಾಬೂ, ಮರಿ ಇದ್ದ ಕಡೆ ನಾವು ಗಾಳ ಹಾಕೋದಿಲ್ಲ, ಕೆಳಗೆ ಅವುಗಳ ಅಪ್ಪ ಇರ್ತಾನೆ, ಇವುಗಳಲ್ಲಿ ಅಪ್ಪನೇ ಕಾಯೋದು, ಭಯವಾದರೆ ಮರಿಗಳನ್ನ ಬಾಯೊಳಗೆ ತುಂಬಿಕೊಳ್ತಾನೆ, ಹತ್ತಿರ ಏನು ಬಂದರೂ ಕಚ್ಚೋಕೆ ಬರ್ತಾನೆ. ಏನು ಬಂದರೂ ಕಚ್ಚುತ್ತಾನೆ — ಕಿವಿಗೆ ಬಿದ್ದದ್ದು ಅಷ್ಟೇ. ಅಲ್ಲ, ಎಲ್ಲ ಬಿದ್ದಿತ್ತು, ಸುಳ್ಳು ಯಾಕೆ. ಮಾವ ಬೀಡಿ ಹಚ್ಚಲು ಬಂಡೆಯ ಆಚೆ ಹೋದರು, ಇವನು ಗಾಳ ಹಾಕಿದ, ಆ ಸಾಸಿವೆಯ ನಟ್ಟನಡುವೆ, ದಾರ ಬಿಗಿಯಿತು, ಎಂಥ ಖುಷಿ ಆಯಿತಲ್ಲ ಆಗ, ಥೂ, ಎಂಥ ಖುಷಿ. ಗಾಳ ಬಿಡಿಸಲು ಬಾಯಿ ಅಗಲಿಸಿದರೆ ಅಂಗೈ ಮೇಲೆ ಮರಿಗಳು, ಒಂದರ ಹಿಂದೊಂದು ಜಾರಿ ಬಂದು ಒದ್ದಾಡುತ್ತ — ಕೈ ಕೊಡವಿದ, ನೀರಿಗೆ ಬಿದ್ದವೋ ಬಂಡೆಗೆ ಬಿದ್ದವೋ ನೋಡಲಿಲ್ಲ, ಮಡುವಿಗೆ ಬೆನ್ನು ಮಾಡಿ ನಿಂತ, ಕೆಳಗಿನ ಗುಂಡಿಯಲ್ಲಿ ಸಿಕ್ಕಿತು ಮಾವಯ್ಯಗಾರು, ಅಂದ. ಮಾವ ನಂಬಿದರು, ಅಪ್ಪಿಕೊಂಡರು, ಬೀಡಿ ವಾಸನೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದುವ್ವಾಡದಲ್ಲಿ ವಿಜಯವಾಡದ ರೈಲು ಹತ್ತಿ ಐಸ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಹಾವೇರಿಯಿಂದ, ಮೀನು ಮುಟ್ಟದ ಮನೆಯಿಂದ, ಅವ್ವನ ಫೋನ್, ಊಟಕ್ಕ ಏನ್ ಮಾಡ್ಸೀಪಾ, ಬ್ಯಾಳಿ ಸಾರವ್ವ, ಅದೂ ಸುಳ್ಳು.

ಹೆಂಡತಿ ಪ್ರತ್ಯೂಷಾ ಪಕ್ಕದಲ್ಲಿ ಕೂರುತ್ತಾಳೆ, ಏಳು ತಿಂಗಳ ಹೊಟ್ಟೆ, ಗೋಡೆ ಹಿಡಿದು ಮೆಲ್ಲಗೆ. ಅತ್ತೆ ಬಂದರು, ಮಾವ ಹಿಡಿದವನ್ನೆಲ್ಲ ಉಳಿದವರಿಗೆ ಬಡಿಸಿ ಅವನ ಮೀನನ್ನು ಇಡಿಯಾಗಿ ಮಗಳ ಎಲೆಗೇ, ತಿನ್ನು ತಲ್ಲೀ, ಹೊಟ್ಟೆಯೊಳಗಿನ ಕೂಸಿಗೆ ಅದರ ಅಪ್ಪ ತಂದ ಮೊದಲ ಮೀನು. ಅದರ ಅಪ್ಪ. ಹುಳಿಯಲ್ಲಿ ಬೆಂದರೂ ಬಾಯಿ ಮುಚ್ಚಿಲ್ಲ ಅದು. ಹೇಳಬೇಕು, ತಿನ್ನಬೇಡ ಅನ್ನಬೇಕು, ಯಾಕೆ ಅಂದರೆ ಯಾಕೆ ಅಂತಲೂ ಹೇಳಬೇಕು, ಅತ್ತೆಯ ಮುಂದೆ, ಮಾವನ ಮುಂದೆ, ಆ ಫೋನುಗಳಿಗೆಲ್ಲ ಮಾವ ಏನು ಹೇಳಿಯಾರು — ಏಮಂಡಿ, ಹೀಂಗ್ಯಾಕ ಕುಂತೀರಿ, ಪ್ರತ್ಯೂಷಾ, ಅವಳಿಗೆ ಅವನೇ ಕಲಿಸಿದ ಕನ್ನಡ, ಮೊದ್ಲ ತುತ್ತು ನಿಮ್ದರಿ, ಹೊಟ್ಟ್ಯಾಗಿನ ನಿಮ್ ಮಗಳು ಆಮ್ಯಾಲ ತಿಂತಾಳ. ಹೇಳಿಬಿಡೋಣವೆಂದು ಬಾಯಿ ತೆರೆದ, ಅವಳು ನಗುತ್ತ ತುತ್ತು ಇಟ್ಟೇಬಿಟ್ಟಳು, ಉಗುಳಲಿಲ್ಲ, ನುಂಗಿದ, ಅವಳೂ ಒಂದು ತುಂಡು ಮುರಿದಳು, ಈಗ, ಈಗಲಾದರೂ, ಅವಳ ಕೈ ಅವಳ ಬಾಯಿಯ ಕಡೆ ಹೋಗುತ್ತಿದೆ, ಅವನ ಬಾಯಿ ತೆರೆದೇ ಇದೆ, ಏನೂ ಬರುತ್ತಿಲ್ಲ, ಆ ಬಾಯಿ, ಅಂಗೈಯಲ್ಲಿ ಅಗಲಿಸಿ ಹಿಡಿದ ಮೀನಿನ ಬಾಯಿ, ಒಂದು ಮರಿ, ಅದರ ಹಿಂದೆ ಇನ್ನೊಂದು, ಇನ್ನೊಂದು, ಆ ಬಾಯಿ